ಗಾಲಿ, ಗಾಳಿ ಮತ್ತು ಒಂದು ಹಳೆಯ ಲಾರಿ

ತೆಲುಗು ನಾಡಿಗೆ ಬಂದು ನೆಲೆಸುವ ಕನ್ನಡಿಗರನ್ನು ಮೊದಮೊದಲು ಎಡವಿಸುವ ಪದಗಳು ಕೆಲವಿವೆ. ಅವುಗಳಲ್ಲಿ ‘ಗಾಲಿ’ಗೆ ನಾವು ಮೊದಲ ಸ್ಥಾನ ಕೊಡುತ್ತೇವೆ. ನಮಗೆ ಗಾಲಿ ಎಂದರೆ ಚಕ್ರ. ತೆಲುಗರಿಗೆ ಗಾಲಿ ಎಂದರೆ ಗಾಳಿ. ಒಂದು ಳಕಾರದ ಅಂತರದಲ್ಲಿ ಎರಡು ಭಾಷೆಗಳು ಹೀಗೆ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತಿರುವುದನ್ನು ಕಂಡು ಎಷ್ಟೋ ಬಾರಿ ನಕ್ಕಿದ್ದೇವೆ. ಹಾಗೆ ನಕ್ಕ ಒಂದು ಸಂದರ್ಭವನ್ನು ಮಾತ್ರ ಈಗ ನೆನೆದರೆ ನಾಚಿಕೆಯಾಗುತ್ತದೆ.

2024ರ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ. ವಿಶಾಖಪಟ್ಟಣದಲ್ಲಿರುವ ನಮ್ಮ ಕುಟುಂಬದ ಹೋಟೆಲಿನ ಹಿಂದಿನ ಅಂಗಳದಲ್ಲಿ ಸಾಮಾನಿನ ಲಾರಿಯ ಚಾಲಕರು ಬಂದು ನಿಂತು, “ಬಾಬು, ಗಾಲಿ ರಾವಟ್ಲೇದು” ಎಂದರು. ಉಡುಪಿಯಿಂದ ಹಿಂದಿನ ದಿನವಷ್ಟೇ ಬಂದಿದ್ದ ನಮ್ಮ ಚಿಕ್ಕಪ್ಪ ಥಟ್ಟನೆ ಬಗ್ಗಿ ಮುಂದಿನ ಚಕ್ರವನ್ನು ನೋಡಿ, “ಗಾಲಿ ಇಲ್ಲೇ ಉಂಟಲ್ಲ ಮಾರಾಯ್ರೆ, ಇನ್ನೆಲ್ಲಿಂದ ಬರಬೇಕು?” ಎಂದರು. ಅಂಗಳದಲ್ಲಿದ್ದವರೆಲ್ಲ ನಕ್ಕೆವು. ಅರ್ಥವನ್ನು ಬಿಡಿಸಿ ಹೇಳಿದ ಮೇಲೆ ಚಾಲಕರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಲಾರಿಗೆ ಖಾಲಿ ಡಬ್ಬಗಳನ್ನು ಏರಿಸಿಯಾಗಿತ್ತು, ಅವರು ಹೊರಟುಹೋದರು. ಕ್ಯಾಬಿನ್ನಿನ ಬ್ಲೋಯರಿನಿಂದ ಗಾಳಿ ಬರುತ್ತಿಲ್ಲ ಎಂದು ಅವರು ಹೇಳಲು ಬಂದಿದ್ದ ಮಾತು ನಗೆಯಲ್ಲಿ ಮುಳುಗಿಹೋಯಿತು. ಮುಂದಿನ ವಾರಗಳಲ್ಲಿ ಮತ್ತೆರಡು ಬಾರಿ ಹೇಳಿದರು. ಒಮ್ಮೆ ಗ್ಯಾಸ್ ತುಂಬಿಸಿಕೊಟ್ಟೆವು; ಇನ್ನೊಮ್ಮೆ “ಕಿಟಕಿ ತೆರೆದುಕೊಳ್ಳಿ” ಎಂದೆವು.

ಈ ಲಾರಿಯ ಕುಲಗೋತ್ರವನ್ನು ಇಲ್ಲಿ ಹೇಳಬೇಕು. ಹೈದರಾಬಾದಿನ ಆಲ್ವಿನ್ ಸಂಸ್ಥೆ ಜಪಾನಿನ ನಿಸ್ಸಾನ್ ಜೊತೆ ಕೈಜೋಡಿಸಿ 1980ರ ದಶಕದಲ್ಲಿ ಜಹೀರಾಬಾದಿನಲ್ಲಿ ತಯಾರಿಸುತ್ತಿದ್ದ ಕ್ಯಾಬ್‌ಸ್ಟಾರ್ ಎಂಬ ಹಗುರ ಲಾರಿ ಇದು. ಜಹೀರಾಬಾದ್ ನಮ್ಮ ಬೀದರಿನ ನೆರೆಯೂರು, ಗಡಿಯಾಚೆಗಿನ ಮೊದಲ ದೊಡ್ಡ ಪೇಟೆ. ಆದ್ದರಿಂದ ಇದನ್ನು ಅರ್ಧ ಕನ್ನಡದ ಲಾರಿ ಎಂದು ನಮ್ಮ ತಂದೆಯವರು ಹೇಳಿಕೊಳ್ಳುತ್ತಿದ್ದರು. 1989ರಲ್ಲಿ ಆ ಸಂಸ್ಥೆ ಮಹೀಂದ್ರಾದ ಕೈಸೇರಿತು. ಆಲ್ವಿನ್ ಎಂದೊಡನೆ ಹಳಬರಿಗೆ ನೆನಪಾಗುವುದು ಲಾರಿಯಲ್ಲ, ರೆಫ್ರಿಜರೇಟರು ಮತ್ತು ಕೈಗಡಿಯಾರ. ಶೀತಪೆಟ್ಟಿಗೆಗೆ ಹೆಸರಾದ ಮನೆತನದಲ್ಲಿ ಹುಟ್ಟಿದ ಈ ಲಾರಿ ಬೇಸಿಗೆಯಲ್ಲಿ ಒಲೆಯಾಗುತ್ತಿತ್ತು. ಎಂಜಿನ್ ಇರುವುದು ಮುಂದೆ ಅಲ್ಲ, ಆಸನದ ಕೆಳಗೆ. ಕಾಲಿನಿಂದಲೇ ಕಾವು ಏರುತ್ತದೆ. ಹಿಂದಿನ ಮಾಲೀಕರು ಯಾರೋ ಸ್ಥಿತಿವಂತರಿರಬೇಕು: ಡ್ಯಾಷ್‌ಬೋರ್ಡಿನ ಕೆಳಗೆ ಒಂದು ಪೆಟ್ಟಿಗೆಯನ್ನು ಕೂರಿಸಿ, ಅದರೊಳಗೆ ಏಸಿಯ ಕೂಲಿಂಗ್ ಕಾಯಿಲು, ಹೀಟರಿನ ಪುಟ್ಟ ರೇಡಿಯೇಟರು, ಎರಡಕ್ಕೂ ಸೇರಿ ಒಂದೇ ಬ್ಲೋಯರು ಇಡಿಸಿದ್ದರು. ಉರುಳೆಯಾಕಾರದ, ಅಂಚಿನ ಸುತ್ತ ಸಣ್ಣ ಪಟ್ಟಿಗಳಿರುವ ಒಂದು ಫ್ಯಾನು ಮತ್ತು ಅದನ್ನು ತಿರುಗಿಸುವ ಅಂಗೈಯಗಲದ ಮೋಟಾರು, ಬ್ಲೋಯರ್ ಎಂದರೆ ಇಷ್ಟೇ. ತಂಪೂ ಬಿಸಿಯೂ ಇದರ ಮೂಲಕವೇ ಒಳಗೆ ಬರಬೇಕು.

ಮೇ ಕೊನೆಯ ವಾರದಲ್ಲಿ ವಿಜಯವಾಡದ ಬಂಧುಗಳ ಮನೆಯ ಒಂದು ಕಾರ್ಯಕ್ಕಾಗಿ ನಾವೂ ಅದೇ ಲಾರಿಯಲ್ಲಿ ಹೊರಟೆವು. ಲಾರಿ ನಮ್ಮದಾಗಿ ಹತ್ತು ವರ್ಷ ಕಳೆದಿದ್ದರೂ ಬೇಸಿಗೆಯ ಹಗಲಿನಲ್ಲಿ ಅದರ ಕ್ಯಾಬಿನ್ನಿನಲ್ಲಿ ನಾವು ಕುಳಿತದ್ದು ಅದೇ ಮೊದಲು. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರು. ಅನಕಾಪಲ್ಲಿ, ತುನಿ, ಅನ್ನವರಂ, ರಾಜಮಹೇಂದ್ರವರಂ, ಏಲೂರು ದಾಟಿ ಹೋಗುವ ಹೆದ್ದಾರಿ. ಈ ದಾರಿಯ ಎರಡು ತುದಿಗಳಲ್ಲಿ ಎರಡು ಬಗೆಯ ಸೆಕೆಗಳಿವೆ. ವಿಶಾಖಪಟ್ಟಣದ್ದು ಕಡಲಿನ ಸೆಕೆ: ಉಷ್ಣಾಂಶ ಮೂವತ್ತೈದರ ಆಸುಪಾಸಿನಲ್ಲಿದ್ದರೂ ಬೆವರು ಆರುವುದಿಲ್ಲ. ಬೆಜವಾಡವನ್ನು ‘ಬ್ಲೇಜ್‌ವಾಡ’ ಎಂದು ತಮಾಷೆ ಮಾಡುವ ಊರಲ್ಲಿ ಪಾದರಸ ನಲವತ್ತೈದನ್ನು ಮುಟ್ಟಿ ಬರುತ್ತದೆ. ಅಲ್ಲಿ ಬೆವರು ಕಾಣಿಸುವುದೇ ಇಲ್ಲ, ಚರ್ಮದ ಮೇಲೆ ಉಪ್ಪು ಮಾತ್ರ ಉಳಿಯುತ್ತದೆ. ನಮ್ಮಲ್ಲಿ ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಇಲ್ಲಿಯವರು ಅದೇ ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲುಗಳೇ ಬಿರಿಯುತ್ತವೆ ಎನ್ನುತ್ತಾರೆ. ಒಂದೇ ನಕ್ಷತ್ರ.

ಏಲೂರು ಬಂದಾಗಲೆಲ್ಲ ನಮಗೆ ಪಂಪನ ನೆನಪಾಗುವುದು ರೂಢಿ. ಅವನ ಪೂರ್ವಿಕರು ವೆಂಗಿ ಮಂಡಲದವರು. ಆ ವೆಂಗಿಯೇ ಏಲೂರಿಗೆ ಅನತಿದೂರದ ಇಂದಿನ ಪೆದವೇಗಿ. ಜೊತೆಗಿರುವವರಿಗೆ ಇದನ್ನು ಹೇಳದೆ ಆ ಊರನ್ನು ನಾವು ದಾಟಿದ್ದೇ ಇಲ್ಲ. ಆ ದಿನ ದಾಟಿದೆವು. ಬಾಯಿ ಒಣಗಿ ಮಾತೇ ಹೊರಡುತ್ತಿರಲಿಲ್ಲ. ಬ್ಲೋಯರಿನ ಗುಂಡಿಯನ್ನು ಮೂರನೆಯ ಸ್ಥಾನಕ್ಕೆ ತಿರುಗಿಸಿದರೆ ಮಾತ್ರ ಎಲ್ಲಿಂದಲೋ ಒಂದು ನರಳಿಕೆ ಕೇಳುತ್ತಿತ್ತು. ಕಿಂಡಿಗೆ ಕೈಯಿಟ್ಟರೆ ಉಗುರುಬೆಚ್ಚಗಿನ ಉಸಿರು. ಕಿಟಕಿ ತೆರೆದರೆ ಬೆಂಕಿಯ ಜಳ, ಮುಚ್ಚಿದರೆ ಕಾವಲಿ. ಹನುಮಾನ್ ಜಂಕ್ಷನ್ ಇನ್ನೂ ಮುಂದಿರುವಾಗಲೇ ಚಾಲಕರು ಲಾರಿಯನ್ನು ಮೆಲ್ಲನೆ ರಸ್ತೆಯ ಪಕ್ಕಕ್ಕೆ ಎಳೆದು ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟರು. ಕರೆದರೆ ಸರಿಯಾದ ಉತ್ತರವಿಲ್ಲ. ಹಾದುಹೋಗುತ್ತಿದ್ದ ಕಾರಿನವರೊಬ್ಬರು ನಿಲ್ಲಿಸಿ ಆಸ್ಪತ್ರೆಗೆ ಮುಟ್ಟಿಸಿದರು. ಡ್ರಿಪ್ ಏರಿಸಿ, ಒದ್ದೆ ಬಟ್ಟೆ ಹೊದಿಸಿ, ಸಂಜೆಯ ಹೊತ್ತಿಗೆ ಅವರು ಮಾತಾಡುವಂತಾದರು. ಅವರು ಲಾರಿಯನ್ನು ಪಕ್ಕಕ್ಕೆ ತರದೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಬರೆಯಬೇಕಾಗಿಲ್ಲ. ಎಚ್ಚರವಾದ ಮೇಲೆ ಅವರು ಮೊದಲು ಕೇಳಿದ್ದು ಲಾರಿಯಲ್ಲಿದ್ದ ಹಾಲಿನ ಕ್ಯಾನುಗಳ ವಿಚಾರ. ನಾವು ತಲೆ ತಗ್ಗಿಸಿ ಕುಳಿತಿದ್ದೆವು.

ಮರುದಿನ ಲಾರಿಯನ್ನು ವಿಜಯವಾಡದ ಆಟೋನಗರಕ್ಕೆ ಒಯ್ದೆವು. ಲಾರಿಗಳಿಗೆ ಕವಚ ಕಟ್ಟುವುದರಿಂದ ಹಿಡಿದು ಒಂದು ಬುಷ್ ಕಡೆದುಕೊಡುವವರೆಗೆ ಎಲ್ಲವೂ ಸಿಗುವ ಪೇಟೆ ಅದು. ಅಲ್ಲಿ ಮೆಕ್ಯಾನಿಕರನ್ನು ‘ಮೇಸ್ತ್ರಿ’ ಎನ್ನುತ್ತಾರೆ. ನಮ್ಮ ಕಿವಿಗೆ ಗಾರೆ ಕೆಲಸದವರೆಂದು ಕೇಳಿಸುತ್ತದೆ. ಬಂಧುಗಳು ತೋರಿಸಿದ ಮೇಸ್ತ್ರಿ ಅರವತ್ತು ದಾಟಿದ ಆಟೋ ಎಲೆಕ್ಟ್ರೀಷಿಯನ್. ನಾವು ನಮ್ಮ ವೃತ್ತಾಂತವನ್ನೆಲ್ಲ ಹೇಳಿದೆವು: ಎರಡು ವರ್ಷಗಳಲ್ಲಿ ಎರಡು ಬಾರಿ ಮೋಟಾರು ಬದಲಾಗಿದೆ, ಒಂದು ಸ್ವಿಚ್ಚು ಕರಗಿದೆ, ಗ್ಯಾಸು ಮೂರು ಸಲ ತುಂಬಿಸಿದೆ. ಅವರು ಎಲ್ಲವನ್ನೂ ಕೇಳಿ, ಯಾವ ಉಪಕರಣವನ್ನೂ ಮುಟ್ಟದೆ, ದಿನಪತ್ರಿಕೆಯ ಒಂದು ಹಾಳೆಯನ್ನು ಕಿಂಡಿಯ ಮುಂದೆ ಹಿಡಿದರು. ಹಾಳೆ ಅಲುಗಲಿಲ್ಲ. “ಗಾಲಿಯೇ ಇಲ್ಲ, ಗ್ಯಾಸು ಏನು ಮಾಡೀತು?” ಎಂದರು.

ಇದೇ ಈ ಬರಹದ ತಿರುಳೆಂದು ತಿಳಿಯಬಹುದು. ಲಾರಿಯ ಏಸಿ ಕೆಟ್ಟಿತೆಂದರೆ ನಾವು ಮೊದಲು ಓಡುವುದು ಗ್ಯಾಸಿನ ಅಂಗಡಿಗೆ. ಗ್ಯಾಸು ತಾನಾಗಿ ಖರ್ಚಾಗುವ ಇಂಧನವಲ್ಲ. ಸುತ್ತುತ್ತಿರುವ ಅದು ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಸೋರಿಕೆ ಹುಡುಕದೆ ತುಂಬಿಸುವುದು ತೂತು ಬಿಂದಿಗೆಗೆ ನೀರು ಹೊತ್ತಂತೆ. ಸೋರಿಕೆಯೇ ಇಲ್ಲದಿರುವಾಗ ಹಳೆಯದನ್ನು ಬಯಲಿಗೆ ಬಿಟ್ಟು ಹೊಸದನ್ನು ತುಂಬುವುದಂತೂ ಇನ್ನೂ ದೊಡ್ಡ ತಪ್ಪು. ನಮ್ಮ ಲಾರಿಯಲ್ಲಿರುವ ಆರ್-134ಎ ಅನಿಲ ಒಂದು ಕಿಲೋ ಆಕಾಶ ಸೇರಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಇಂಥ ಅನಿಲಗಳನ್ನು ತಗ್ಗಿಸುವ 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಕಡಿತ ಶುರುವಾಗುವುದು 2032ರಿಂದ. ರೋಹಿಣಿ ಕಾರ್ತೆಯನ್ನು ಶಪಿಸುತ್ತ ಅದಕ್ಕೇ ಸೌದೆ ಹಾಕುತ್ತಿದ್ದೇವೆ ಎಂಬುದು ನಮಗೆ ಆ ದಿನದವರೆಗೆ ಹೊಳೆದಿರಲಿಲ್ಲ.

ಮೇಸ್ತ್ರಿ ಎಂಜಿನ್ ಚಾಲೂ ಮಾಡಿಸಿ ಮಲ್ಟಿಮೀಟರಿನಿಂದ ಅಳೆದರು. ಬ್ಯಾಟರಿಯಲ್ಲಿ ಹದಿಮೂರೂವರೆ ವೋಲ್ಟು. ತಿರುಗುತ್ತಿರುವ ಮೋಟಾರಿನ ಬಾಯಲ್ಲಿ ಒಂಬತ್ತೂವರೆ. ನಾಲ್ಕು ವೋಲ್ಟು ದಾರಿಯಲ್ಲೇ ಕಳೆದುಹೋಗಿತ್ತು. ಮೋಟಾರು ಎಳೆಯುತ್ತಿದ್ದದ್ದು ಹತ್ತು ಆಂಪಿಯರು. ಎಂದರೆ ನಲವತ್ತು ವಾಟಿನಷ್ಟು ಶಕ್ತಿ ತಂತಿಯಲ್ಲೂ ಅದರ ಜೋಡಣೆಗಳಲ್ಲೂ ಬಿಸಿಯಾಗಿ ಸುಡುತ್ತಿತ್ತು. ಸ್ವಿಚ್ಚು ಕರಗಿದ್ದು ಅದರಿಂದ. ಅವರು ಬ್ಯಾಟರಿಯಿಂದ ಒಂದು ದಪ್ಪ ತಂತಿಯನ್ನು ನೇರವಾಗಿ ತಂದು ಮೋಟಾರಿಗೆ ಮುಟ್ಟಿಸಿದೊಡನೆ ಪೆಟ್ಟಿಗೆಯೊಳಗೆ ಒಂದು ಗರ್ಜನೆ ಎದ್ದಿತು, ಜೊತೆಗೆ ಕಿಂಡಿಗಳಿಂದ ಕೆಂಪನೆಯ ಧೂಳು. ಮುಂದಿನ ಐದು ನಿಮಿಷ ಅಂಗಡಿಯಲ್ಲಿದ್ದವರೆಲ್ಲ ಸೀನಿದೆವು. ಗುಂಟೂರಿನಿಂದ ಹೊತ್ತು ತರುತ್ತಿದ್ದ ಮೆಣಸಿನಕಾಯಿಯ ಧೂಳು ವರ್ಷಗಳಿಂದ ಅಲ್ಲಿ ಮಲಗಿತ್ತು. ಚಾಲಕರ ಕೆಮ್ಮಿಗೆ ನಾವು ಬೀಡಿಯನ್ನು ದೂರುತ್ತ ಬಂದಿದ್ದೆವು.

ಮೋಟಾರು ಬದಲಿಸಿದ ಹಿಂದಿನ ಅಂಗಡಿಗಳವರ ಮೇಲೆ ನಮಗೆ ಸಿಟ್ಟಿಲ್ಲ. ಬಿಡಿಭಾಗ ಬದಲಿಸಿದರೆ ಹಣ ಕೊಡುವವರು ನಾವು, ಅರ್ಧ ದಿನ ಕುಳಿತು ಕಾರಣ ಹುಡುಕಿದವರಿಗೆ “ಏನೂ ಹಾಕಿಲ್ಲವಲ್ಲ, ಇಷ್ಟು ಯಾಕೆ?” ಎಂದು ಚೌಕಾಸಿ ಮಾಡುವವರೂ ನಾವೇ. ನಮ್ಮ ಲಾರಿಯಲ್ಲಿ ನಿಜವಾಗಿ ಕೆಟ್ಟಿದ್ದದ್ದು ಅಗ್ಗದ ಸಂಗತಿಗಳು. ಮೋಟಾರಿನ ಅರ್ತಿಂಗ್ ತಂತಿಯನ್ನು ಕವಚದ ಒಂದು ಸ್ಕ್ರೂವಿಗೆ ಸಿಕ್ಕಿಸಿದ್ದರು. ಕಡಲ ತೀರದ ಉಪ್ಪುಗಾಳಿಗೆ ಆ ಜಾಗ ತುಕ್ಕು ಹಿಡಿದು, ತಾಮ್ರದ ತುದಿ ಹಸಿರುಗಟ್ಟಿತ್ತು. ವಿಶಾಖಪಟ್ಟಣದ ಲಾರಿಗಳಲ್ಲಿ ಇದನ್ನೇ ಮೊದಲು ನೋಡುತ್ತೇನೆ ಎಂದರು ಮೇಸ್ತ್ರಿ. ವೇಗ ಬದಲಿಸುವ ರೆಸಿಸ್ಟರು ಸುಟ್ಟಿತ್ತು. ಒಂದು ಮತ್ತು ಎರಡನೆಯ ಸ್ಥಾನಗಳಲ್ಲಿ ಕರೆಂಟು ಅದರ ಮೂಲಕ ಹೋಗಬೇಕು. ಮೂರನೆಯದರಲ್ಲಿ ನೇರ ಹೋಗುತ್ತದೆ. ಆದ್ದರಿಂದಲೇ ಮೂರರಲ್ಲಿ ಮಾತ್ರ ನರಳಿಕೆ ಕೇಳುತ್ತಿತ್ತು. ಅದು ಸುಟ್ಟದ್ದಕ್ಕೂ ಕಾರಣವಿದೆ: ರೆಸಿಸ್ಟರನ್ನು ಕೂರಿಸುವುದು ಬ್ಲೋಯರಿನ ಗಾಳಿ ಬೀಸುವ ದಾರಿಯಲ್ಲಿಯೇ, ಆ ಗಾಳಿಯೇ ಅದನ್ನು ತಣಿಸಲೆಂದು. ಕೂಲಿಂಗ್ ಕಾಯಿಲಿನ ಮೈಗೆ ಭತ್ತದ ಹೊಟ್ಟು, ನೂಲು, ಮೆಣಸಿನ ಧೂಳು ಕಂಬಳಿಯಂತೆ ಅಂಟಿಕೊಂಡು ಗಾಳಿ ನಿಂತಾಗ ರೆಸಿಸ್ಟರು ತನ್ನ ಕಾವಿನಲ್ಲಿ ತಾನೇ ಬೆಂದಿತು.

ಇಷ್ಟೂ ಸರಿಯಾದ ಮೇಲೆಯೂ ಗಾಳಿ ತಣ್ಣಗಾಗಲಿಲ್ಲ. ಜೋರಾಗಿ ಬಂದದ್ದು ಬೆಚ್ಚನೆಯ ಗಾಳಿ. ಮೇಸ್ತ್ರಿ ಕೈಯನ್ನು ಪೆಟ್ಟಿಗೆಯ ಹಿಂದಕ್ಕೆ ತೂರಿಸಿ ರಬ್ಬರಿನ ಎರಡು ಕೊಳವೆಗಳನ್ನು ಮುಟ್ಟಿ ಚಕ್ಕನೆ ಹಿಂದೆಗೆದರು. ಎಂಜಿನ್ನಿನಿಂದ ಹೀಟರಿಗೆ ಬಿಸಿ ಕೂಲೆಂಟು ಹರಿಸುವ ಕೊಳವೆಗಳು ಅವು. ನಡುವೆ ಇರುವ ಮುಚ್ಚುವ ಕಾಕು ಅರ್ಧ ತೆರೆದೇ ಸಿಕ್ಕಿಕೊಂಡಿತ್ತು. ಎಂಬತ್ತು, ತೊಂಬತ್ತು ಡಿಗ್ರಿಯ ದ್ರವ ಬೇಸಿಗೆಯುದ್ದಕ್ಕೂ ಆ ಪುಟ್ಟ ರೇಡಿಯೇಟರಿನಲ್ಲಿ ಸುತ್ತುತ್ತಿತ್ತು. ಕೂಲಿಂಗ್ ಕಾಯಿಲು ತಣಿಸಿದ ಗಾಳಿಯನ್ನು ಅದರ ಬೆನ್ನಿಗೇ ಇದ್ದ ಹೀಟರು ಕಾಯಿಸಿ ಒಳಗೆ ಕಳುಹಿಸುತ್ತಿತ್ತು. ನಾವು ತುಂಬಿಸಿದ ಮೂರು ಸಲದ ಗ್ಯಾಸು ಆ ಒಲೆಯೊಂದಿಗೆ ಸೆಣಸುವುದರಲ್ಲೇ ಕಳೆದಿತ್ತು.

“ಕೊಳವೆ ಕತ್ತರಿಸಿ ಹೀಟರನ್ನೇ ತೆಗೆದುಬಿಡಿ” ಎಂದು ಅಂಗಡಿಯ ಹುಡುಗರು ಹೇಳಿದರು. “ಈ ಊರಲ್ಲಿ ಹೀಟರು ಯಾರಿಗೆ ಬೇಕು?” ಬಹುಪಾಲು ಲಾರಿಗಳಲ್ಲಿ ಮಾಡುವುದೂ ಹಾಗೆಯೇ. ನಾವು ಒಪ್ಪುವವರಿದ್ದೆವು; ತಡೆದವರು ನಮ್ಮ ಚಾಲಕರು. ಹೋಟೆಲಿನ ಕಾಫಿಬೀಜಕ್ಕಾಗಿ ಈ ಲಾರಿ ತಿಂಗಳಿಗೊಮ್ಮೆ ಅನಂತಗಿರಿಯ ಘಾಟಿ ಹತ್ತಿ ಅರಕಿಗೆ ಹೋಗುತ್ತದೆ. ಮಳೆಗಾಲದಲ್ಲೂ ಡಿಸೆಂಬರಿನ ಬೆಳಗುಗಳಲ್ಲೂ ಘಾಟಿಯ ತಿರುವುಗಳಲ್ಲಿ ಮುಂದಿನ ಗಾಜು ಒಳಗಿನಿಂದ ಮಂಜು ಹಿಡಿಯುತ್ತದೆ. ಆಚೆಯ ಲಂಬಸಿಂಗಿಯಲ್ಲಂತೂ ಚಳಿಗಾಲದ ಕೆಲವು ರಾತ್ರಿಗಳು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತವೆ. ಉಸಿರಿನ ತೇವ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುವುದನ್ನು ತಡೆಯಲು ಎರಡು ಕೆಲಸ ಆಗಬೇಕು. ಕೂಲಿಂಗ್ ಕಾಯಿಲಿನ ಮೇಲೆ ಹಾಯಿಸಿ ಗಾಳಿಯ ತೇವ ತೆಗೆಯಬೇಕು. ಆಮೇಲೆ ಹೀಟರಿನ ಮೇಲೆ ಹಾಯಿಸಿ ಬೆಚ್ಚಗಾಗಿಸಿ ಗಾಜಿಗೆ ಊದಬೇಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ, ಈ ಕ್ರಮದಲ್ಲಿ ಇಟ್ಟವರು ದಡ್ಡರೇನಲ್ಲ. ಇದುವರೆಗೆ ನಮ್ಮ ಚಾಲಕರು ಘಾಟಿಯಲ್ಲಿ ಒಂದು ಕೈಯಲ್ಲಿ ಟವೆಲ್ಲು, ಒಂದು ಕೈಯಲ್ಲಿ ಸ್ಟಿಯರಿಂಗು ಹಿಡಿದು ಇಳಿಯುತ್ತಿದ್ದರಂತೆ. ಅದನ್ನೂ ನಾವು ಕೇಳಿದ್ದು ಅವತ್ತೇ. ಕೊಳವೆ ಕತ್ತರಿಸಲಿಲ್ಲ, ಕಾಕನ್ನು ಬದಲಿಸಿದೆವು.

ಬ್ಯಾಟರಿಯ ಬಳಿ ಫ್ಯೂಸು ಮತ್ತು ರಿಲೇ ಇಟ್ಟು ಮೋಟಾರಿಗೆ ದಪ್ಪ ತಂತಿ ಎಳೆದದ್ದು, ಅರ್ತಿಂಗನ್ನು ತುಕ್ಕು ಕೆರೆದು ಚಾಸಿಗೆ ಬಿಗಿದದ್ದು, ಕಾಯಿಲನ್ನು ಬಿಚ್ಚಿ ತೊಳೆದದ್ದು, ರೆಸಿಸ್ಟರು, ಕಾಕು, ಹೊಸ ಕಾರ್ಬನ್ ಬ್ರಷ್ಷು: ಎಲ್ಲ ಸೇರಿ ಆದ ಖರ್ಚು ಮೂರು ಸಲ ಗ್ಯಾಸು ತುಂಬಿಸಿದ್ದಕ್ಕಿಂತ ಕಡಿಮೆ. ಹಳೆಯ ಲಾರಿಯಿರುವವರಿಗೆ ಒಂದು ಮಾತು: ಲಾರಿಗಳಲ್ಲಿ ಕೆಲವು 12 ವೋಲ್ಟಿನವು, ಕೆಲವು 24ರವು, ಬ್ಲೋಯರ್ ಮೋಟಾರು ಕೊಳ್ಳುವ ಮುನ್ನ ಅದನ್ನು ಖಚಿತಪಡಿಸಿಕೊಳ್ಳಿ. ಕ್ಯಾಬಿನ್ನಿನಲ್ಲಿ ಸಿಹಿ ವಾಸನೆ ಬಂದು ಗಾಜಿಗೆ ಜಿಡ್ಡು ಕಟ್ಟಿದರೆ ಹೀಟರಿನ ರೇಡಿಯೇಟರು ಸೋರುತ್ತಿದೆ ಎಂದರ್ಥ. ಕಾಲಡಿಗೆ ಬರೀ ನೀರು ಬಂದರೆ ಕಾಯಿಲಿನ ನೀರಿಳಿಯುವ ಕೊಳವೆ ಕಟ್ಟಿಕೊಂಡಿರುತ್ತದೆ, ಅಷ್ಟೆ.

ಈಗ ಕಾನೂನಿನ ಮಾತು. ಮೂರೂವರೆ ಟನ್ನಿಗಿಂತ ಹೆಚ್ಚು ಒಟ್ಟು ತೂಕದ ಸರಕು ವಾಹನಗಳಲ್ಲಿ ಚಾಲಕರ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವೆಂದು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿತು. 2025ರಲ್ಲಿ ಅದು ಜಾರಿಗೆ ಬಂದಿದೆ. ಬಹಳ ತಡವಾಗಿ ಬಂದ, ಬಹಳ ಒಳ್ಳೆಯ ನಿಯಮ. ಆದರೆ ಅದು ಹೊಸದಾಗಿ ತಯಾರಾಗುವ ವಾಹನಗಳಿಗೆ. ಈ ಹೆದ್ದಾರಿಯಲ್ಲಿ ನಾವು ಕಾಣುವ ಹಳೆಯ ಲಾರಿಗಳು ಇನ್ನೂ ಎಷ್ಟೋ ಬೇಸಿಗೆ ಓಡಲಿವೆ. ಅವನ್ನೆಲ್ಲ ಗುಜರಿಗೆ ಹಾಕಿ ಎನ್ನುವವರಿದ್ದಾರೆ. ಹದಿನೈದು ವರ್ಷ ದಾಟಿದ ವಾಹನಗಳ ಫಿಟ್‌ನೆಸ್ ಶುಲ್ಕವನ್ನು 2022ರ ಏಪ್ರಿಲಿನಿಂದ ಏರಿಸಿದ್ದೂ ಆ ದಿಕ್ಕಿನ ಹೆಜ್ಜೆಯೇ. ಹೊಗೆಯ ದೃಷ್ಟಿಯಿಂದ ಆ ವಾದದಲ್ಲಿ ಸತ್ಯವಿದೆ, ನಮ್ಮ ಲಾರಿಯೂ ಒಂದು ದಿನ ಹೋಗಬೇಕಾದದ್ದೇ. ಹೋಗುವವರೆಗೆ ಅದರೊಳಗೆ ಒಬ್ಬ ಮನುಷ್ಯರು ಕುಳಿತಿರುತ್ತಾರೆ.

ಎಂಟು ವರ್ಷ ದಾಟಿದ ಸರಕು ವಾಹನ ಪ್ರತಿ ವರ್ಷ ಫಿಟ್‌ನೆಸ್ ಪರೀಕ್ಷೆಗೆ ನಿಲ್ಲಬೇಕು. ನಮ್ಮ ಲಾರಿ ಪ್ರತಿ ವರ್ಷವೂ ನಿಂತಿದೆ, ತೇರ್ಗಡೆಯಾಗಿದೆ. ಬ್ರೇಕು, ದೀಪ, ಹಾರನ್ನು, ಹೊಗೆ, ವೈಪರು ಎಲ್ಲವನ್ನೂ ನೋಡಿದ್ದಾರೆ. ಬ್ಲೋಯರಿನ ಗುಂಡಿಯನ್ನು ಒಬ್ಬರೂ ತಿರುಗಿಸಿ ನೋಡಿದ್ದಿಲ್ಲ. ವೈಪರು ಒರೆಸುವುದು ಗಾಜಿನ ಹೊರಮೈಯನ್ನು. ಒಳಮೈ ಮಂಜಾದರೆ ಅದೇನು ಮಾಡೀತು? ನಮ್ಮ ಅಭಿಪ್ರಾಯ ಇಷ್ಟು: ಹಳೆಯ ಲಾರಿಗಳಿಗೆಲ್ಲ ಏಸಿ ಹಾಕಿಸಿ ಎಂದು ಕೇಳುವುದು ಅತಿಯಾದೀತು, ಬ್ಲೋಯರು ಇರುವ ಲಾರಿಯಲ್ಲಿ ಅದು ಮೂರೂ ವೇಗದಲ್ಲಿ ತಿರುಗುತ್ತದೆಯೇ, ಗಾಜಿಗೆ ಗಾಳಿ ಮುಟ್ಟುತ್ತದೆಯೇ ಎಂದು ನೋಡುವುದಕ್ಕೆ ಒಂದು ನಿಮಿಷ ಮತ್ತು ಒಂದು ಹಾಳೆ ಕಾಗದ ಸಾಕು. ಬ್ರೇಕಿನ ಸಾಲಿನಲ್ಲಿ ಅದಕ್ಕೂ ಒಂದು ಜಾಗ ಸಿಗಬೇಕು.

ಸರ್ಕಾರಕ್ಕಿಂತ ಮೊದಲು ಇದು ಮಾಲೀಕರಿಗೆ, ಎಂದರೆ ನಮ್ಮಂಥವರಿಗೆ ಸಂಬಂಧಿಸಿದ್ದು. ಹೊರನಾಡಿನಲ್ಲಿ ಹೋಟೆಲು, ಬೇಕರಿ, ಸಾಗಾಣಿಕೆ ನಡೆಸುವ ಕನ್ನಡಿಗರ ಮನೆಗಳಲ್ಲಿ ಇಂಥ ಒಂದು ಹಳೆಯ ಗಾಡಿ, ಅದರೊಂದಿಗೆ ಆ ಊರಿನ ಭಾಷೆಯಾಡುವ ಒಬ್ಬ ಚಾಲಕರು ಇರುವುದು ಸಾಮಾನ್ಯ. ಏಸಿ ಹಾಕಿದರೆ ಡೀಸೆಲು ಹೆಚ್ಚು ಕುಡಿಯುತ್ತದೆಂದು ಗೊಣಗುವವರು ನಾವು. ಮೈಲೇಜಿನ ಮೇಲೆ ಭತ್ಯೆ ಕಟ್ಟಿದರೆ ಅವರು ತಾವಾಗಿಯೇ ಅದನ್ನು ಆರಿಸುತ್ತಾರೆ. ನಮ್ಮಲ್ಲಿಯೂ ಆ ಪದ್ಧತಿ ಇತ್ತು. ಏಪ್ರಿಲಿನಿಂದ ಜೂನಿನವರೆಗೆ ಮೈಲೇಜಿನ ಲೆಕ್ಕವನ್ನೇ ಕೇಳಬಾರದೆಂದು ಮನೆಯಲ್ಲಿ ತೀರ್ಮಾನಿಸಿದಾಗ ವಿರೋಧ ಬಂದದ್ದು ಚಿಕ್ಕಪ್ಪನಿಂದಲ್ಲ, ನಮ್ಮ ತಂದೆಯವರಿಂದ. ಅವರು ಆ ಕ್ಯಾಬಿನ್ನಿನಲ್ಲಿ ಕುಳಿತು ಅನಕಾಪಲ್ಲಿಯವರೆಗೆ ಹೋಗಿ ಬಂದ ಮೇಲೆ ಮಾತಾಡಲಿಲ್ಲ. ಹೋಟೆಲಿನ ಅಡುಗೆಮನೆಯ ಥರ್ಮಾಮೀಟರನ್ನು ಅವರ ಕೈಗೆ ಕೊಟ್ಟು ಕಳುಹಿಸಿದ್ದೆವು, ಬ್ಲೋಯರು ಆರಿಸಿರುವಂತೆ ಚಾಲಕರಿಗೆ ಹೇಳಿ.

ಚಾಲಕರು ಈಗಲೂ ಅದೇ ಲಾರಿ ಓಡಿಸುತ್ತಿದ್ದಾರೆ. ಹೊರಡುವ ಮುನ್ನ ಹಿಂದಿನ ದಿನದ ಪತ್ರಿಕೆಯ ಹಾಳೆಯೊಂದನ್ನು ಕಿಂಡಿಗೆ ಹಿಡಿದು ನೋಡುತ್ತಾರೆ. ಹೋದ ತಿಂಗಳು ಅರಕಿನಿಂದ ಇಳಿದು ಬಂದವರು, ಎರಡನೆಯ ವೇಗದಲ್ಲಿ ಜೀರುಂಡೆಯಂಥ ಒಂದು ಸದ್ದು ಬರುತ್ತಿದೆ ಎಂದರು. ಆಟೋನಗರದ ಮೇಸ್ತ್ರಿಗೆ ಫೋನಿನಲ್ಲೇ ಆ ಸದ್ದು ಕೇಳಿಸಿದೆವು. ಮೋಟಾರಿನ ಬುಷ್ ಸವೆದಿದೆ, ಎರಡು ಹನಿ ಎಣ್ಣೆ ಬಿಟ್ಟರೆ ಒಂದು ಬೇಸಿಗೆ ನಡೆದೀತು ಎಂದರು. ನಾವು ಕಾಯುವುದಿಲ್ಲ, ಮಾರ್ಚಿಯಲ್ಲೇ ವಿಜಯವಾಡಕ್ಕೆ ಕಳುಹಿಸಿ ಬಿಚ್ಚಿಸುತ್ತೇವೆ.